ನೆಲ ಮುಗಿದಲ್ಲಿ ಹಡಗು: ಚಿಲಿಯ ದಕ್ಷಿಣ ಕರಾವಳಿಯ ಮೋಟಾರ್‌ಸೈಕಲ್ ದಾರಿ

ದಕ್ಷಿಣ ಅಮೆರಿಕದ ಪಶ್ಚಿಮದ ಅಂಚಿನಲ್ಲಿ ಸುಮಾರು 4,300 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಚಿಲಿ ದೇಶದಲ್ಲಿ ಪುಯೆರ್ತೊ ಮಾಂತ್ ಎಂಬ ಬಂದರು ಪಟ್ಟಣದವರೆಗೆ ರಸ್ತೆಯ ಮೇಲೆ ಸಾಗುವುದಕ್ಕೆ ಹೆಚ್ಚಿನ ತೊಡಕಿಲ್ಲ. ಪೂರ್ವಕ್ಕೆ ಆಂಡೀಸ್ ಪರ್ವತಶ್ರೇಣಿ, ಪಶ್ಚಿಮಕ್ಕೆ ಅದಕ್ಕಿಂತ ತಗ್ಗಾದ ಕರಾವಳಿ ಬೆಟ್ಟಗಳ ಸಾಲು, ಇವೆರಡರ ನಡುವೆ ಉದ್ದನೆಯ ಕಣಿವೆ. ಮಧ್ಯ ಚಿಲಿಯ ಹೆದ್ದಾರಿ, ಹೊಲ, ದ್ರಾಕ್ಷಿತೋಟ, ನಗರಗಳಲ್ಲಿ ಬಹುಪಾಲು ಈ ಕಣಿವೆಯನ್ನೇ ನೆಚ್ಚಿಕೊಂಡಿವೆ. ಪುಯೆರ್ತೊ ಮಾಂತ್‌ಗೆ ಬಂದಾಗ ಕಣಿವೆ ಸಮುದ್ರಕ್ಕೆ ಇಳಿದು ಮುಳುಗಿಹೋಗುತ್ತದೆ. ಅಲ್ಲಿಂದ ಮುಂದೆ ಕರಾವಳಿ ಬೆಟ್ಟಗಳ ನೆತ್ತಿಗಳು ಮಾತ್ರ ಚಿಲೊಯೆ, ಚೊನೊಸ್ ಮೊದಲಾದ ದ್ವೀಪಗಳಾಗಿ ನೀರಿನ ಮೇಲೆ ಉಳಿದಿವೆ. ಆಂಡೀಸಿನ ಬುಡವನ್ನು ಸಮುದ್ರವೇ ತೊಳೆಯುತ್ತದೆ. ಹಿಮಯುಗದಲ್ಲಿ ಬೆಟ್ಟಗಳ ಮೇಲಿಂದ ಜಾರಿಬಂದ ಹಿಮನದಿಗಳು ಬಂಡೆಯನ್ನು ಆಳವಾಗಿ ಕೊರೆದು, ಹವೆ ಬೆಚ್ಚಗಾದ ಮೇಲೆ ತಾವು ಕರಗಿ, ಆ ಕೊರಕಲುಗಳನ್ನು ಕಡಲಿಗೆ ಬಿಟ್ಟುಕೊಟ್ಟವು. ಹೀಗೆ ಬೆಟ್ಟಗಳ ನಡುವೆ ಹತ್ತಾರು ಕಿಲೋಮೀಟರ್ ಒಳನುಗ್ಗಿರುವ, ಎರಡೂ ದಡ ಗೋಡೆಯಂತೆ ಕಡಿದಾಗಿರುವ ಸಮುದ್ರದ ಚಾಚುಗಳನ್ನು ಭೂಗೋಳಶಾಸ್ತ್ರದಲ್ಲಿ ಫಿಯೋರ್ಡ್ ಎನ್ನುತ್ತಾರೆ.

ಇಂಥ ನೆಲದಲ್ಲಿ ಹಾದುಹೋಗುವ ಏಳನೆಯ ಸಂಖ್ಯೆಯ ಹೆದ್ದಾರಿಗೆ ಕರೆತೆರಾ ಆವುಸ್ತ್ರಾಲ್, ಎಂದರೆ ದಕ್ಷಿಣದ ಹೆದ್ದಾರಿ, ಎಂದು ಹೆಸರು. ಪುಯೆರ್ತೊ ಮಾಂತ್‌ನಿಂದ ವಿಯಾ ಒಹಿಗಿನ್ಸ್ ಎಂಬ ಹಳ್ಳಿಯವರೆಗೆ ಅದರ ಉದ್ದ ಸುಮಾರು 1,240 ಕಿಲೋಮೀಟರ್. ದೂರದ ಪ್ರವಾಸ ಮಾಡುವ ಮೋಟಾರ್‌ಸೈಕಲ್ ಸವಾರರಲ್ಲಿ ಈ ಹೆಸರಿಗೆ ದೊಡ್ಡ ಮನ್ನಣೆಯಿದೆ. ಆದರೆ ಇದನ್ನು ಬರಿಯ ರಸ್ತೆ ಎಂದುಕೊಂಡು ಹೊರಟವರು ಪುಯೆರ್ತೊ ಮಾಂತ್ ಬಿಟ್ಟು 45 ಕಿಲೋಮೀಟರ್ ಹೋಗುವಷ್ಟರಲ್ಲಿಯೇ ಕಲೆತಾ ಲಾ ಅರೇನಾ ಎಂಬಲ್ಲಿ ನೀರಿನ ಅಂಚಿಗೆ ಬಂದು ನಿಲ್ಲಬೇಕಾಗುತ್ತದೆ. ಹಡಗಿನ ವೇಳಾಪಟ್ಟಿಯೇ ಇಲ್ಲಿ ಪ್ರಯಾಣದ ಬೆನ್ನೆಲುಬು. ರಸ್ತೆ ಅದಕ್ಕೆ ಹೊಂದಿಕೊಂಡು ನಡೆಯುತ್ತದೆ. ಈ ಮಾತನ್ನು ಒಪ್ಪಿಕೊಂಡು ಹೋದವರಿಗೆ ಈ ಕರಾವಳಿ ತನ್ನನ್ನು ತೋರಿಸಿಕೊಳ್ಳುತ್ತದೆ. ಒಪ್ಪದೆ ಗಡಿಬಿಡಿಯಲ್ಲಿ ಹೋದವರಿಗೆ ದಡದ ಮೇಲಿನ ಕಾಯುವಿಕೆ ಮಾತ್ರ ನೆನಪಿನಲ್ಲಿ ಉಳಿಯುತ್ತದೆ.

ರಸ್ತೆ ಹುಟ್ಟಿದ ಬಗೆಯನ್ನು ತಿಳಿಯದೆ ಅದರ ಮೇಲೆ ಓಡಾಡುವುದು ಅರೆಬರೆಯ ಪ್ರವಾಸವಾದೀತು. ಇಪ್ಪತ್ತನೆಯ ಶತಮಾನದ ಬಹುಭಾಗ ಈ ದಕ್ಷಿಣದ ಸೀಮೆಯ, ಅದರಲ್ಲೂ ಐಸೆನ್ ಪ್ರಾಂತದ, ಜನರು ತಮ್ಮದೇ ದೇಶದ ಉಳಿದ ಭಾಗಕ್ಕೆ ಹೋಗಬೇಕಾದರೆ ಹಡಗನ್ನೋ ವಿಮಾನವನ್ನೋ ಹಿಡಿಯಬೇಕಿತ್ತು, ಇಲ್ಲವೇ ನೆರೆಯ ಅರ್ಜೆಂಟೀನಾದೊಳಗೆ ಹೊಕ್ಕು ಸುತ್ತಿ ಬರಬೇಕಿತ್ತು. 1973ರಲ್ಲಿ ಅಧಿಕಾರ ಕಸಿದುಕೊಂಡ ಜನರಲ್ ಆಗುಸ್ತೊ ಪಿನೊಚೆಯ ಸೈನಿಕ ಸರ್ಕಾರಕ್ಕೆ ಇದು ರಕ್ಷಣೆಯ ದೃಷ್ಟಿಯಿಂದ ದೌರ್ಬಲ್ಯವಾಗಿ ಕಂಡಿತು. ಬೀಗಲ್ ಕಾಲುವೆಯ ದ್ವೀಪಗಳ ವಿಷಯದಲ್ಲಿ ಎರಡು ದೇಶಗಳು 1978ರಲ್ಲಿ ಯುದ್ಧದ ಅಂಚಿಗೆ ಬಂದು ನಿಂತದ್ದನ್ನು ನೆನೆದರೆ ಆ ಆತಂಕ ಬರಿಯ ಕಲ್ಪನೆಯಲ್ಲವೆಂದು ತಿಳಿಯುತ್ತದೆ. 1976ರಲ್ಲಿ ಸೈನ್ಯದ ಕಾಮಗಾರಿ ದಳದಿಂದ ಕೆಲಸ ಆರಂಭವಾಯಿತು. 10,000ಕ್ಕೂ ಹೆಚ್ಚು ಸೈನಿಕರು ಕಾಡು ಕಡಿದು, ಬಂಡೆ ಸಿಡಿಸಿ, ಕೆಸರಿನಲ್ಲಿ ನಿಂತು ದುಡಿದರು, ಅವರಲ್ಲಿ ಹಲವರು ಪ್ರಾಣ ಕಳೆದುಕೊಂಡರು. 1988ರ ಹೊತ್ತಿಗೆ ಬಹುಭಾಗ ಸಂಚಾರಕ್ಕೆ ತೆರೆಯಿತು, 1996ರಲ್ಲಿ ಪುಯೆರ್ತೊ ಯುಂಗಾಯ್‌ವರೆಗೆ ಬಂತು, ಕೊನೆಯ 100 ಕಿಲೋಮೀಟರ್ ಮುಗಿದು ವಿಯಾ ಒಹಿಗಿನ್ಸ್ ಮುಟ್ಟಿದ್ದು 2000ದಲ್ಲಿ. ಒಂದು ಕಾಲಕ್ಕೆ ಪಿನೊಚೆಯ ಹೆಸರನ್ನೇ ಹೊತ್ತಿದ್ದ ಈ ದಾರಿಯನ್ನು ಇಂದು ಯಾರೂ ಆ ಹೆಸರಿನಿಂದ ಗುರುತಿಸುವುದಿಲ್ಲ. ಸರ್ವಾಧಿಕಾರಿಯ ನಿಶ್ಚಯದಿಂದ ಹುಟ್ಟಿದರೂ ಅದನ್ನು ಕಡಿದವರು ಕೂಲಿಯಾಳುಗಳಷ್ಟೇ ಕಷ್ಟಪಟ್ಟ ಎಳೆಯ ಸೈನಿಕರು, ಅದನ್ನು ನೆಚ್ಚಿ ಬದುಕುವವರು ಮೀನುಗಾರರು ಮತ್ತು ದನ ಕುರಿ ಸಾಕುವವರು. ಆದ್ದರಿಂದ ಅದು ಅವರದೇ ದಾರಿ ಎನ್ನುವುದು ನ್ಯಾಯವಾದ ಮಾತು.

ಮೊದಲ ದಾಟು ಚಿಕ್ಕದು. ಲಾ ಅರೇನಾದಿಂದ ಪುಯೆಲ್ಚೆಗೆ ಅರ್ಧ ಗಂಟೆ. ಅಲ್ಲಿಂದ ಓರ್ನೊಪಿರೆನ್ ಎಂಬ ಊರಿಗೆ ನೆಲದ ದಾರಿ. ಓರ್ನೊಪಿರೆನ್‌ನಲ್ಲಿ ರಸ್ತೆ ಮತ್ತೆ ನಿಂತು, ಸುಮಾರು ಮೂರೂವರೆ ಗಂಟೆಯ ಹಡಗಿನ ಪ್ರಯಾಣ ಕೊಮಾವು ಫಿಯೋರ್ಡಿನ ಉದ್ದಕ್ಕೆ ಲೆಪ್ತೆಪುವಿಗೆ ಮುಟ್ಟಿಸುತ್ತದೆ. ಅಲ್ಲಿ ಇಳಿದ ವಾಹನಗಳೆಲ್ಲ ಕಿರಿದಾದ ಭೂಕಂಠವೊಂದರ ಮೇಲಿನ 10 ಕಿಲೋಮೀಟರ್ ಜಲ್ಲಿ ರಸ್ತೆಯಲ್ಲಿ ಸಾಲುಗಟ್ಟಿ ಹೋಗಿ, ಆಚೆಯ ದಡದಲ್ಲಿ ಕಾಯುತ್ತಿರುವ ಇನ್ನೊಂದು ಹಡಗನ್ನು ಹತ್ತಿ, ಮುಕ್ಕಾಲು ಗಂಟೆಯಲ್ಲಿ ಕಲೆತಾ ಗೊನ್ಸಾಲೊ ತಲಪುತ್ತವೆ. ನೆಲ ಮತ್ತು ನೀರು ಎಂಬ ಎರಡು ಬಗೆಯ ಸಾಗಾಟವನ್ನು ಒಂದೇ ಟಿಕೆಟ್ಟಿನಲ್ಲಿ ಹೆಣೆದಿರುವುದರಿಂದ ಈ ಭಾಗಕ್ಕೆ ದ್ವಿಮಾರ್ಗ ಎಂಬರ್ಥದ ಬಿಮೊದಾಲ್ ಎಂಬ ಹೆಸರು ಬಂದಿದೆ.

ಹಡಗು ಹತ್ತುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸವಾರನ ಕೌಶಲಕ್ಕೆ ಇಲ್ಲಿ ರಸ್ತೆಗಿಂತ ಹೆಚ್ಚಿನ ಪರೀಕ್ಷೆಯಿದೆ. ಇಂಥ ಕಡೆಗಳಲ್ಲಿ ಎತ್ತರದ ಧಕ್ಕೆ ಇರುವುದಿಲ್ಲ. ಕಾಂಕ್ರೀಟು ಹಾಕಿದ ಇಳಿಜಾರೊಂದು ನೇರವಾಗಿ ನೀರಿನೊಳಗೆ ಇಳಿದುಹೋಗಿರುತ್ತದೆ. ಬಾರ್ಕಾಸಾ ಎಂದು ಕರೆಯುವ ಚಪ್ಪಟೆ ತಳದ ಹಡಗು ತನ್ನ ಮೂತಿಯನ್ನು ಆ ಇಳಿಜಾರಿಗೆ ತಂದು ಒತ್ತಿಹಿಡಿದು, ಅಗಲವಾದ ಉಕ್ಕಿನ ಹಲಗೆಯನ್ನು ಕೆಳಗಿಳಿಸುತ್ತದೆ. ವಾಹನಗಳು ಅದರ ಮೇಲೆ ಹತ್ತಿ ಒಳಗೆ ಹೋಗಬೇಕು. ಪುಯೆರ್ತೊ ಮಾಂತ್ ಸುತ್ತಿನ ನೀರಿನಲ್ಲಿ ಉಬ್ಬರ ಮತ್ತು ಇಳಿತಗಳ ನಡುವಣ ಅಂತರ ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ 6ರಿಂದ 7 ಮೀಟರ್ ಆಗುವುದುಂಟು. ಉಬ್ಬರದ ಹೊತ್ತಿನಲ್ಲಿ ಬಂದವನಿಗೆ ಹಡಗು ರಸ್ತೆಯ ಮಟ್ಟದಲ್ಲಿಯೇ ಸಿಕ್ಕರೆ, ಇಳಿತದ ಹೊತ್ತಿನಲ್ಲಿ ಬಂದವನು ಅಷ್ಟು ಹೊತ್ತು ನೀರಿನಡಿ ಇದ್ದು ಪಾಚಿ ಕಟ್ಟಿದ ಕಾಂಕ್ರೀಟಿನ ಮೇಲೆ ಭಾರದ ಗಾಡಿಯನ್ನು ಇಳಿಸಬೇಕು. ಅಲ್ಲಿ ಮುಂದಿನ ಬ್ರೇಕನ್ನು ಜೋರಾಗಿ ಹಿಡಿದರೆ ಚಕ್ರ ಜಾರುವುದು ಖಂಡಿತ. ಫಸ್ಟ್ ಗೇರಿನಲ್ಲಿ, ಎಂಜಿನ್ನಿನ ತಡೆಯನ್ನೇ ನಂಬಿ, ಹ್ಯಾಂಡಲನ್ನು ನೇರವಾಗಿಟ್ಟು, ಹಲಗೆಯ ಅಂಚನ್ನು ಓರೆಯಾಗಿ ಅಲ್ಲ, ನೆಟ್ಟಗೆ ದಾಟಬೇಕು. ಒಳಗೆ ಲಾರಿಗಳ ನಡುವಿನ ಸಂದಿಯಲ್ಲಿ, ಸಾಮಾನ್ಯವಾಗಿ ಹಡಗಿನ ಪಕ್ಕದ ಗೋಡೆಗೆ ಹತ್ತಿಸಿ, ಮೋಟಾರ್‌ಸೈಕಲ್ಲಿಗೆ ಜಾಗ ತೋರಿಸುತ್ತಾರೆ. ಗಾಡಿಯನ್ನು ಗೇರಿನಲ್ಲಿಯೇ ಬಿಟ್ಟು ಸೈಡ್ ಸ್ಟ್ಯಾಂಡಿಗೆ ಒರಗಿಸಿ, ಹಡಗು ಎತ್ತ ವಾಲಿದರೂ ಬೀಳದಂತೆ ಎರಡೂ ಕಡೆಯಿಂದ ಪಟ್ಟಿ ಎಳೆದು, ಮುಂದಿನ ಫೋರ್ಕ್ ಅರ್ಧದಷ್ಟು ಅದುಮುವ ತನಕ ಬಿಗಿದು ಕಟ್ಟುವುದು ವಾಡಿಕೆ. ಒಳಗಿನ ಶಾಂತವಾದ ಫಿಯೋರ್ಡುಗಳಲ್ಲಿ ಇಷ್ಟು ಜಾಗ್ರತೆ ಬೇಕಾಗುವುದಿಲ್ಲವಾದರೂ, ತೆರೆದ ಸಮುದ್ರಕ್ಕೆ ಹೊರಡುವ ಹಡಗುಗಳಲ್ಲಿ ಇದನ್ನು ಮರೆತವರ ಗಾಡಿ ನೆಟ್ಟಗೆ ಉಳಿಯದು.

ಕಟ್ಟಿ ಮುಗಿದ ಮೇಲೆ ಸವಾರನಿಗೆ ಕೆಲಸವಿಲ್ಲ. ಈ ಬಿಡುವೇ ಈ ದಾರಿಯ ದೊಡ್ಡ ಕೊಡುಗೆ ಎನ್ನಬೇಕು. ನೀರಿನ ಮಟ್ಟದಿಂದಲೇ ಮೇಲೆದ್ದ ಕಡುಹಸುರು ಕಾಡು, ಅದರ ಮೇಲೆ ಮೋಡ, ಮೋಡದ ಮೇಲೆ ಹಿಮದ ಗೆರೆ, ಬಂಡೆಯ ಮೇಲಿಂದ ಎಳೆಎಳೆಯಾಗಿ ಸುರಿಯುವ ಹೆಸರಿಲ್ಲದ ಜಲಪಾತಗಳು. ನಡುನಡುವೆ ನೀರಿನ ಮೇಲೆ ತೇಲುವ ದುಂಡಗಿನ ಬಲೆಗಳ ಸಾಲು. ಈ ಬಲೆಗಳು ಸಾಲ್ಮನ್ ಮೀನು ಸಾಕುವ ಕೇಂದ್ರಗಳು. ಸಾಲ್ಮನ್ ಈ ಸಮುದ್ರದ ಸಹಜ ಮೀನಲ್ಲದಿದ್ದರೂ ಅದನ್ನು ಸಾಕುವುದರಲ್ಲಿ ಚಿಲಿ ಇಂದು ಲೋಕದಲ್ಲಿ ನಾರ್ವೆಯ ನಂತರದ ಸ್ಥಾನದಲ್ಲಿದೆ. ಹಡಗಿನಲ್ಲಿ ಪಕ್ಕದಲ್ಲಿ ಕೂರುವವರು ಬಹುಮಟ್ಟಿಗೆ ಆ ಕೇಂದ್ರಗಳ ಕೆಲಸಗಾರರು, ಪಟ್ಟಣದ ಆಸ್ಪತ್ರೆಯಿಂದ ಮರಳುವ ಮುದುಕರು, ಸಿಮೆಂಟು, ಮೇವು, ಗ್ಯಾಸಿನ ಸಿಲಿಂಡರು ತುಂಬಿದ ಲಾರಿಗಳ ಚಾಲಕರು. ಚಿಲೊಯೆ ದ್ವೀಪದ ಕೆಯೊನ್ ಪಟ್ಟಣದಿಂದ ಐಸೆನ್‌ನ ಚಾಕಬುಕೊ ಬಂದರಿಗೆ ಹೋಗುವ ಹಡಗಂತೂ ಮೆಲಿಂಕಾ, ಪುಯೆರ್ತೊ ಸಿಸ್ನೆಸ್, ಪುಯೆರ್ತೊ ಅಗಿರ್ರೆ ಎಂದು ರಸ್ತೆಯ ಸಂಪರ್ಕ ಇರುವ, ಇಲ್ಲದ ಊರುಗಳಿಗೆಲ್ಲ ನಿಂತು ನಿಂತು ಒಂದು ಹಗಲಿಗೂ ಒಂದು ಇರುಳಿಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ನಡುರಾತ್ರಿಯಲ್ಲಿ ಎಲ್ಲೋ ಒಂದು ದ್ವೀಪದ ಮುಂದೆ ಹಲಗೆ ಇಳಿದು, ಟಾರ್ಚುಗಳ ಬೆಳಕಿನಲ್ಲಿ ಮೂಟೆ, ತೊಟ್ಟಿಲು, ಹಾಸಿಗೆಗಳು ಇಳಿಯುವುದನ್ನು ಕಂಡವರಿಗೆ ಈ ಹಡಗು ಯಾರಿಗಾಗಿ ಇದೆ ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಕಲೆತಾ ಗೊನ್ಸಾಲೊದಿಂದ ಚೈತೆನ್ ಪಟ್ಟಣದವರೆಗಿನ ಸುಮಾರು 60 ಕಿಲೋಮೀಟರ್ ದಾರಿ ಪುಮಾಲಿನ್ ರಾಷ್ಟ್ರೀಯ ಉದ್ಯಾನದ ಒಳಗೆ ಹೋಗುತ್ತದೆ. ಅಮೆರಿಕದ ಉದ್ಯಮಿ ಡಗ್ಲಸ್ ಟಾಂಪ್ಕಿನ್ಸ್ 1990ರ ದಶಕದಿಂದ ಇಲ್ಲಿಯ ಕಾಡನ್ನು ಕೊಂಡು ಕಾಪಾಡುತ್ತ ಬಂದು, 2015ರ ಡಿಸೆಂಬರಿನಲ್ಲಿ ಹೆನೆರಾಲ್ ಕರೆರಾ ಸರೋವರದಲ್ಲಿ ದೋಣಿ ಮಗುಚಿ ತೀರಿಕೊಂಡ ಮೇಲೆ, ಅವರ ಪತ್ನಿ ಕ್ರಿಸ್ಟಿನ್ ಟಾಂಪ್ಕಿನ್ಸ್ 2017ರಲ್ಲಿ ಅಧ್ಯಕ್ಷೆ ಮಿಶೆಲ್ ಬಾಚೆಲೆಟ್ ಅವರ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು ಸುಮಾರು 4 ಲಕ್ಷ ಹೆಕ್ಟೇರ್ ಭೂಮಿಯನ್ನು ರಾಷ್ಟ್ರಕ್ಕೆ ಒಪ್ಪಿಸಿದರು. ಈ ಕಾಡಿನ ಅಲೆರ್ಸೆ ಎಂಬ ಮರ ಸೂಚಿಪರ್ಣಿಗಳ ಬಳಗಕ್ಕೆ ಸೇರಿದ್ದು. 3,600 ವರ್ಷಗಳಿಗೂ ಮೀರಿದ ವಯಸ್ಸಿನ ಅಲೆರ್ಸೆಯನ್ನು ಉಂಗುರಗಳ ಎಣಿಕೆಯಿಂದ ವಿಜ್ಞಾನಿಗಳು ಗುರುತಿಸಿದ್ದಾರೆ. ಚಾರ್ಲ್ಸ್ ಡಾರ್ವಿನ್ ಪ್ರಯಾಣ ಮಾಡಿದ ಬೀಗಲ್ ಹಡಗಿನ ನಾಯಕ ರಾಬರ್ಟ್ ಫಿಟ್ಸ್‌ರಾಯ್ ಅವರ ನೆನಪಿಗಾಗಿ ಅದರ ವೈಜ್ಞಾನಿಕ ಕುಲನಾಮ ಫಿಟ್ಸ್‌ರಾಯ ಎಂದಿದೆ. ಕೆಂಪು ತೊಗಟೆಯ, ನೀರಿಗೆ ಕೊಳೆಯದ ಹಲಗೆಗಾಗಿ ಶತಮಾನಗಳ ಕಾಲ ಕಡಿಸಿಕೊಂಡ ಈ ಮರವನ್ನು 1976ರಲ್ಲಿ ನೈಸರ್ಗಿಕ ಸ್ಮಾರಕವೆಂದು ಸಾರಿ ಕಡಿಯುವುದನ್ನು ನಿಷೇಧಿಸಲಾಯಿತು.

ಚೈತೆನ್ ಪಟ್ಟಣದಲ್ಲಿ ಸವಾರರು ಪೆಟ್ರೋಲು ಹಾಕಿಸಿಕೊಂಡು ಹಾಗೆಯೇ ಮುಂದೆ ಹೋಗುವುದು ತಪ್ಪು. ಬಳಿಯ ಚೈತೆನ್ ಜ್ವಾಲಾಮುಖಿ ಸಿಡಿದದ್ದು 2008ರ ಮೇ 2ರಂದು; ಅದು ಸಿಡಿಯಬಲ್ಲದೆಂಬ ನೆನಪು ಯಾರಿಗೂ ಇರಲಿಲ್ಲ. ಪಟ್ಟಣದ 4,000ಕ್ಕೂ ಹೆಚ್ಚು ಜನರನ್ನು ಹಡಗುಗಳಲ್ಲಿ ತೆರವು ಮಾಡಿಸಿದ ಕೆಲವೇ ದಿನಗಳಲ್ಲಿ ಮಳೆಯ ನೀರು ಬೆಟ್ಟದ ಮೇಲಿನ ಬೂದಿಯನ್ನು ಕಲಸಿಕೊಂಡು ಹರಿದುಬಂತು. ಹೀಗೆ ಬೂದಿ, ಕಲ್ಲು, ಮರದ ದಿಮ್ಮಿಗಳನ್ನೆಲ್ಲ ಹೊತ್ತು ನುಗ್ಗುವ ಕೆಸರಿನ ಪ್ರವಾಹಕ್ಕೆ ಲಾಹಾರ್ ಎಂದು ಹೆಸರು. ಅದು ನದಿಯ ಪಾತ್ರವನ್ನು ತುಂಬಿ, ನದಿ ಊರಿನ ನಟ್ಟನಡುವೆ ಹೊಸ ಪಾತ್ರ ಕೊರೆದುಕೊಂಡಿತು. ಊರನ್ನು ಬೇರೆಡೆಗೆ ಸಾಗಿಸಲು ಸರ್ಕಾರ ನಿರ್ಧರಿಸಿದರೂ ಜನರು ಒಬ್ಬೊಬ್ಬರಾಗಿ ಮರಳಿ ಬಂದರು. ನದಿಯ ಉತ್ತರದ ಭಾಗದಲ್ಲಿ ಊರು ಮತ್ತೆ ನಡೆಯತೊಡಗಿತು. ದಕ್ಷಿಣಕ್ಕಿರುವ ವಿಯಾ ಸಾಂತಾ ಲುಸಿಯಾ ಎಂಬ ಹಳ್ಳಿಯ ಮೇಲೆ 2017ರ ಡಿಸೆಂಬರ್ 16ರಂದು ಬೆಟ್ಟ ಕುಸಿದು ಕೆಸರು ನುಗ್ಗಿ 20ಕ್ಕೂ ಹೆಚ್ಚು ಜನ ಸತ್ತರು. ಹೆದ್ದಾರಿ ಆ ಕೆಸರಿನ ಹಾದಿಯನ್ನೇ ಹಾದುಹೋಗುತ್ತದೆ.

ಮಳೆಯ ವಿಚಾರವನ್ನು ಕನ್ನಡ ನಾಡಿನವರಿಗೆ ತಿಳಿಸುವುದು ಸುಲಭ. ಪಡುವಣ ಗಾಳಿ ಪೆಸಿಫಿಕ್ ಸಾಗರದ ತೇವವನ್ನು ಆಂಡೀಸಿನ ಪಶ್ಚಿಮದ ಇಳುಕಲಿನಲ್ಲಿ ಸುರಿದು ಬರಿದಾಗಿ ಪೂರ್ವಕ್ಕೆ ದಾಟುವ ಕ್ರಮ, ನಮ್ಮ ಸಹ್ಯಾದ್ರಿಯ ಮಲೆನಾಡಿಗೂ ಬಯಲುಸೀಮೆಗೂ ಇರುವ ಅಂತರದ್ದೇ. ಆದರೆ ಇಲ್ಲಿ ಮಳೆಗೆ ಒಂದು ಕಾಲವೆಂಬುದಿಲ್ಲ, ನಡುಬೇಸಗೆಯಲ್ಲಿಯೂ ಅದು ತಣ್ಣಗೆ ಸುರಿಯಬಲ್ಲದು. 1935ರಲ್ಲಿ ಜರ್ಮನ್ ನುಡಿಯ ವಲಸೆಗಾರರು ನೆಲೆಗೊಳಿಸಿದ ಪುಯುವಾಪಿ, ಅದರಾಚೆಯ ಕೆವುಲಾತ್ ಉದ್ಯಾನದಲ್ಲಿ ಬಂಡೆಯ ಅಂಚಿಗೆ ತೂಗಿಕೊಂಡಂತಿರುವ ಹಿಮನದಿ, ಇವೆಲ್ಲ ತೀರಾ ಒದ್ದೆಯಾದ ಸೀಮೆ. ದಾರಿಯ ಎರಡೂ ಬದಿಗೆ ಕೊಡೆಯಗಲದ ಎಲೆಯ ನಾಲ್ಕಾ ಗಿಡಗಳು ನಿಂತಿರುತ್ತವೆ, ಅದರ ಹುಳಿಯಾದ ದಂಟನ್ನು ಸಿಪ್ಪೆ ಸುಲಿದು ಉಪ್ಪು ಹಚ್ಚಿ ತಿನ್ನುತ್ತಾರೆ. 1929ರಲ್ಲಿ ಸ್ಥಾಪನೆಯಾದ ಪ್ರಾಂತದ ರಾಜಧಾನಿ ಕೊಯೈಕೆಗೆ ಬರುವಷ್ಟರಲ್ಲಿ ಆಕಾಶ ತೆರೆದುಕೊಂಡು, ಬಟ್ಟೆ ಒಣಗಿ, ಬದಲಿಗೆ ಗಾಳಿ ಶುರುವಾಗುತ್ತದೆ. ಬೆಟ್ಟಗಳ ಮೇಲೆ ಬೂದುಬಣ್ಣದ ಸತ್ತ ಮರಗಳು ಇಂದಿಗೂ ನಿಂತಿರುವುದು ಅಲ್ಲಿ ಕಾಣುತ್ತದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹುಲ್ಲುಗಾವಲಿಗಾಗಿ ನೆಲಸಿಗರು ಹಚ್ಚಿದ ಬೆಂಕಿಯಲ್ಲಿ ಲಕ್ಷಾಂತರ ಹೆಕ್ಟೇರ್ ಕಾಡು ಸುಟ್ಟುಹೋದದ್ದರ ಗುರುತು ಅದು. ಕಾಡು ಕಡಿದು ತೆರವು ಮಾಡಿದವನಿಗೆ ಭೂಮಿಯ ಹಕ್ಕು ಎಂಬ ಸರ್ಕಾರದ ನೀತಿಯೇ ಆ ಬೆಂಕಿಗೆ ಕುಮ್ಮಕ್ಕಾಗಿತ್ತು.

ಕೊಯೈಕೆಯ ದಕ್ಷಿಣಕ್ಕೆ ಸೆರ್ರೊ ಕಾಸ್ತಿಯೊ ದಾಟಿದರೆ ಡಾಂಬರು ಮುಗಿದು ರಿಪಿಯೊ, ಎಂದರೆ ಜಲ್ಲಿಯ ರಸ್ತೆ, ಆರಂಭವಾಗುತ್ತದೆ. ವಾಹನಗಳ ಚಕ್ರಗಳು ಒಂದು ಮಿತಿಗಿಂತ ವೇಗವಾಗಿ ಉರುಳುವಾಗ ಸಡಿಲವಾದ ಜಲ್ಲಿ ಚಿಕ್ಕ ಚಿಕ್ಕ ದಿಣ್ಣೆಗಳಾಗಿ ಸಮನಾದ ಅಂತರದಲ್ಲಿ ಜಮೆಯಾಗಿ, ರಸ್ತೆಯ ಮೈ ಸುಕ್ಕುಗಟ್ಟಿದ ತಗಡಿನ ಚಾವಣಿಯಂತಾಗುತ್ತದೆ. ಸ್ಥಳೀಯರು ಅದನ್ನು ಕಲಮಿನಾ ಎನ್ನುತ್ತಾರೆ. ಅದರ ಮೇಲಿನ ಅದುರುವಿಕೆಗೆ ನಟ್ಟು ಬೋಲ್ಟುಗಳು ಸಡಿಲುತ್ತವೆ, ಪೆಟ್ಟಿಗೆಗಳ ಕೊಂಡಿಗಳು ಮುರಿಯುತ್ತವೆ, ಅಂಗೈ ಜೋಮುಹಿಡಿಯುತ್ತದೆ. ಫುಟ್‌ರೆಸ್ಟಿನ ಮೇಲೆ ಎದ್ದುನಿಂತು, ಮಂಡಿಯಿಂದ ಟ್ಯಾಂಕನ್ನು ಹಿಡಿದು, ಹ್ಯಾಂಡಲನ್ನು ಬಿಗಿಹಿಡಿಯದೆ ಗಾಡಿಗೆ ತನ್ನ ದಾರಿ ಹುಡುಕಿಕೊಳ್ಳಲು ಬಿಡುವುದೇ ಅನುಭವಿಗಳ ಕ್ರಮ. ಜನವರಿಯಲ್ಲಿ ತಾಬಾನೊ ಎಂಬ ದೊಡ್ಡ ಕಚ್ಚುನೊಣಗಳು ಕಪ್ಪು ಬಟ್ಟೆಯ ಸವಾರನನ್ನು ಮುತ್ತುವುದರಿಂದ, ನಿಂತಲ್ಲಿ ಹೆಲ್ಮೆಟ್ ತೆಗೆಯುವುದೂ ಕಷ್ಟವಾಗುತ್ತದೆ.

ಇದೇ ಭಾಗದಲ್ಲಿ ಹೆನೆರಾಲ್ ಕರೆರಾ ಸರೋವರ ಸಿಗುತ್ತದೆ. ಅರ್ಜೆಂಟೀನಾಕ್ಕೂ ಚಾಚಿರುವ, ಸುಮಾರು 1,850 ಚದರ ಕಿಲೋಮೀಟರ್ ವಿಸ್ತಾರದ ಈ ಸರೋವರದ ನೀಲಿ, ಹಿಮನದಿಗಳು ಅರೆದು ತಂದ ಕಲ್ಲಿನ ಹಿಟ್ಟು ಬೆಳಕನ್ನು ಚದುರಿಸುವುದರಿಂದ ಬಂದದ್ದು. ಪುಯೆರ್ತೊ ರಿಯೊ ತ್ರಾಂಕಿಲೊ ಬಳಿ ಅಲೆಗಳು ಅಮೃತಶಿಲೆಯನ್ನು ಕೊರೆದು ಮಾಡಿದ ಗವಿಗಳಿವೆ. ಸರೋವರದ ನೀರನ್ನು ಕಡಲಿಗೆ ಒಯ್ಯುವ ಬೇಕರ್ ನದಿ ನೀರಿನ ಪ್ರಮಾಣದಲ್ಲಿ ಚಿಲಿಯ ಅತಿ ದೊಡ್ಡ ನದಿ. ಅದರ ಮೇಲೂ ಪಸ್ಕುವಾ ನದಿಯ ಮೇಲೂ ಐದು ಅಣೆಕಟ್ಟು ಕಟ್ಟಿ 2,750 ಮೆಗಾವಾಟ್ ವಿದ್ಯುತ್ತನ್ನು ದೂರದ ಉತ್ತರಕ್ಕೆ ಒಯ್ಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಾಗ ದೇಶದಾದ್ಯಂತ ಜನ ಬೀದಿಗಿಳಿದರು, 2014ರಲ್ಲಿ ಸರ್ಕಾರ ಅದನ್ನು ತಳ್ಳಿಹಾಕಿತು. 2012ರಲ್ಲಿ ಐಸೆನ್‌ನ ಜನ ಇಂಧನದ ಬೆಲೆ, ಆಸ್ಪತ್ರೆ, ಸಂಬಳಗಳ ಪ್ರಶ್ನೆ ಎತ್ತಿ ಇದೇ ರಸ್ತೆಗಳಿಗೆ ತಡೆಯೊಡ್ಡಿ ವಾರಗಟ್ಟಲೆ ಹೋರಾಡಿದರು. ನೋಟದ ಚೆಲುವಿಗೆ ಮರುಳಾಗಿ ಬರುವವರು, ಆ ಚೆಲುವಿನ ಮಧ್ಯೆ ಬದುಕುವುದು ಎಷ್ಟು ದುಬಾರಿ ಎಂಬುದನ್ನೂ ಅರಿಯಬೇಕು.

ಕೊಕ್ರೇನ್ ಪಟ್ಟಣದಲ್ಲಿ ಟ್ಯಾಂಕು ತುಂಬಿಸಿಕೊಂಡು ಸುಮಾರು 125 ಕಿಲೋಮೀಟರ್ ಹೋದರೆ ಪುಯೆರ್ತೊ ಯುಂಗಾಯ್. ಅದಕ್ಕೂ ಮೊದಲು ಕವಲೊಡೆಯುವ ದಾರಿ, 2003ರವರೆಗೆ ರಸ್ತೆಯನ್ನೇ ಕಾಣದಿದ್ದ ತೊರ್ತೆಲ್ ಎಂಬ ಊರಿಗೆ ಹೋಗುತ್ತದೆ. ಆ ಊರಿನೊಳಗೆ ಇಂದಿಗೂ ಬೀದಿಗಳಿಲ್ಲ. ಕಡಿದಾದ ದಡಕ್ಕೆ ಅಂಟಿಕೊಂಡ ಮನೆಗಳನ್ನು ಸೈಪ್ರೆಸ್ ಮರದ ಹಲಗೆಗಳ ಕಾಲುಸೇತುವೆಗಳು ಕಿಲೋಮೀಟರುಗಟ್ಟಲೆ ಜೋಡಿಸುತ್ತವೆ. ಗಾಡಿಯನ್ನು ಊರ ಹೊರಗೆ ಮೇಲೆಯೇ ನಿಲ್ಲಿಸಿ ಮೆಟ್ಟಿಲಿಳಿದು ಹೋಗಬೇಕು. ಯುಂಗಾಯ್‌ನಿಂದ ಸರ್ಕಾರ ಉಚಿತವಾಗಿ ನಡೆಸುವ ಹಡಗು ಮುಕ್ಕಾಲು ಗಂಟೆಯಲ್ಲಿ ರಿಯೊ ಬ್ರಾವೊ ದಡಕ್ಕೆ ಬಿಡುತ್ತದೆ. ಅಲ್ಲಿಂದ 100 ಕಿಲೋಮೀಟರ್ ಜೌಗು ಮತ್ತು ಬೆಟ್ಟಗಳ ನಡುವೆ ಸಾಗಿದರೆ, 1966ರಲ್ಲಿ ಸ್ಥಾಪಿಸಿದ ವಿಯಾ ಒಹಿಗಿನ್ಸ್. ಅದರ ಮುಂದೆ ದಕ್ಷಿಣ ಪತಗೋನಿಯಾದ ಹಿಮಪ್ರಸ್ಥ ಅಡ್ಡ ಮಲಗಿದೆ, ರಸ್ತೆ ಇಲ್ಲ. ಕಾಲ್ನಡಿಗೆಯವರೂ ಸೈಕಲ್ಲಿನವರೂ ಊರಿನ ಬಳಿಯ ಸರೋವರವನ್ನು ದೋಣಿಯಲ್ಲಿ ದಾಟಿ, ಕಾಡಿನ ಕಾಲುದಾರಿ ಹಿಡಿದು ಅರ್ಜೆಂಟೀನಾಕ್ಕೆ ಹೋಗಬಹುದು. ಮೋಟಾರ್‌ಸೈಕಲ್ಲಿಗೆ ಆ ದಾರಿಯಿಲ್ಲ, ಅದು ಬಂದ ಹಾದಿಯಲ್ಲಿಯೇ ಯುಂಗಾಯ್‌ಗೆ ಮರಳಬೇಕು.

ಯುಂಗಾಯ್‌ನಿಂದ ಮತ್ತೂ ದಕ್ಷಿಣದ ಪುಯೆರ್ತೊ ನಾತಾಲೆಸ್ ಪಟ್ಟಣಕ್ಕೆ ಹೋಗುವ ಹಡಗು ಸುಮಾರು ಎರಡು ದಿನ ಮೆಸಿಯೆರ್ ಕಾಲುವೆ ಮತ್ತು ಅದರ ದಕ್ಷಿಣದ ಕವಲುಗಳಲ್ಲಿ ಸಾಗುತ್ತದೆ. ನಡುವೆ ಅದು ನಿಲ್ಲುವ ಪುಯೆರ್ತೊ ಎದೆನ್, 200 ಜನವೂ ಇಲ್ಲದ, ಯಾವ ರಸ್ತೆಯೂ ಮುಟ್ಟದ ಹಳ್ಳಿ. ಕವೆಸ್ಕರ್ ಎಂಬ ಮೂಲನಿವಾಸಿಗಳ ಕೊನೆಯ ನೆಲೆಗಳಲ್ಲಿ ಅದು ಒಂದು. ಸಾವಿರಾರು ವರ್ಷ ಈ ಕಾಲುವೆಗಳಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡು, ಅದರ ನಡುವೆ ಒಲೆ ಉರಿಸಿಕೊಂಡು, ಕಡಲಸಿಂಹದ ಬೇಟೆ ಮತ್ತು ಚಿಪ್ಪುಮೀನಿನಿಂದ ಬದುಕಿದ ಈ ಜನ, ಹೊರಗಿನವರು ತಂದ ರೋಗ ಮತ್ತು ಹಿಂಸೆಗಳಿಂದ ಬೆರಳೆಣಿಕೆಗೆ ಇಳಿದರು. ಅವರ ನುಡಿಯನ್ನು ತಾಯ್ನುಡಿಯಾಗಿ ಆಡುವವರು ಇಂದು ಕೆಲವರೇ. ನಕ್ಷೆಯಲ್ಲಿ ನಿರ್ಜನವೆಂಬಂತೆ ಕಾಣುವ ಈ ನೀರಿನ ಹಾದಿಗಳನ್ನು ಎಲ್ಲರಿಗಿಂತ ಮೊದಲು ಅರಿತವರು ಅವರು, ಇದನ್ನು ಇಲ್ಲಿ ಹಾದುಹೋಗುವ ಯಾವ ಪ್ರವಾಸಿಯೂ ಮರೆಯಬಾರದು.

ಕನ್ನಡ ನಾಡಿನಿಂದ ಅಷ್ಟು ದೂರ ಹೋಗಿ ಈ ದಾರಿ ಹಿಡಿಯಬೇಕೆಂದಿರುವವರು ಮೋಟಾರ್‌ಸೈಕಲ್ಲಿನ ಆಯ್ಕೆಗಿಂತ ಮೊದಲು ಹಡಗುಗಳ ವೇಳಾಪಟ್ಟಿಯನ್ನು ನೋಡಲಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಅಲ್ಲಿ ಬೇಸಗೆ. ಬಿಮೊದಾಲ್ ಮತ್ತು ನಾತಾಲೆಸ್ ಹಡಗುಗಳ ಜಾಗ ಆಗ ಬೇಗ ತುಂಬಿಹೋಗುವುದರಿಂದ ಟಿಕೆಟ್ಟನ್ನು ಮುಂಚೆಯೇ ಕಾದಿರಿಸಬೇಕು, ಗಾಳಿಯ ಕಾರಣಕ್ಕೆ ಹಡಗು ಹೊರಡದ ದಿನಗಳಿಗಾಗಿ ಪ್ರವಾಸದಲ್ಲಿ ಕೆಲವು ದಿನಗಳನ್ನು ಖಾಲಿ ಬಿಟ್ಟಿರಬೇಕು. ದಡದಲ್ಲಿ ಸಾಲು ನಿಂತಾಗ ರೋಗಿಯನ್ನು ಕರೆತಂದ ವಾಹನವೋ ಊರಿಗೆ ದಿನಸಿ ಒಯ್ಯುವ ಲಾರಿಯೋ ಹಿಂದೆ ಉಳಿದಿದ್ದರೆ, ಅದಕ್ಕೆ ಜಾಗ ಬಿಟ್ಟು ಮುಂದಿನ ಹಡಗಿಗೆ ಕಾಯಲಿ.